ಮಫಲ್ ಫರ್ನೆಸ್ ಜೊತೆ ಆರು ವರ್ಷ

ನಮ್ಮ ಕಾಲೇಜಿನ ಮೆಟೀರಿಯಲ್ಸ್ ಲ್ಯಾಬಿಗೆ ಈ ಮಫಲ್ ಫರ್ನೆಸ್ (ಕರೆಂಟಿನಿಂದ ಕಾಯುವ ಪೆಟ್ಟಿಗೆಯಂಥ ಕುಲುಮೆ) ಬಂದು ಆರು ವರ್ಷ ಆಯಿತು. ಒಳಗಿನ ಗೂಡು 6×6×12 ಇಂಚು. 3.5 ಕಿಲೋವ್ಯಾಟ್, ಕಾಯಿಸಲು ಕಾಂತಾಲ್ ಅನ್ನುವ ಮಿಶ್ರಲೋಹದ ತಂತಿ, ಡಿಜಿಟಲ್ ಕಂಟ್ರೋಲರ್. ಕಂಪನಿ ಹೆಸರು ಬೇಡ ಬಿಡಿ. ಈ ಅಳತೆಯ ಪೆಟ್ಟಿಗೆಗಳು ಸುಮಾರಾಗಿ ಒಂದೇ ಥರ ಇರುತ್ತವೆ. ಕೊಟೇಶನ್ ತರಿಸುತ್ತಿರುವವರಿಗೆ ಉಪಯೋಗ ಆಗಲಿ ಅಂತ ಬರೆಯುತ್ತಿದ್ದೇನೆ.

ನಮ್ಮ ಮುಖ್ಯ ಕೆಲಸ ಎಪಾಕ್ಸಿ ರಾಳಕ್ಕೆ ಬೆರೆಸಲು ನ್ಯಾನೋ ಅಲ್ಯೂಮಿನಾ, ಅಂದರೆ ಅಲ್ಯೂಮಿನಿಯಂ ಆಕ್ಸೈಡಿನ ಅತಿ ಸಣ್ಣ ಕಣಗಳ ಪುಡಿ, ಮಾಡುವುದು. ವಿಧಾನ ನಮ್ಮ ನಾಡಿನದೇ. 1988ರಲ್ಲಿ ಬೆಂಗಳೂರಿನ ಐಐಎಸ್‌ಸಿಯಿಂದ ಕಿಂಗ್ಸ್ಲಿ ಮತ್ತು ಕೆ. ಸಿ. ಪಾಟೀಲ್ ಪ್ರಕಟಿಸಿದ ದಹನ ವಿಧಾನ. 20 ಗ್ರಾಂ ಅಲ್ಯೂಮಿನಿಯಂ ನೈಟ್ರೇಟ್, 8 ಗ್ರಾಂ ಯೂರಿಯಾ, ಸ್ವಲ್ಪ ನೀರು, ಒಂದು ಅಗಲವಾದ ಗಾಜಿನ ಬಟ್ಟಲು. ಅಷ್ಟೇ ಸಾಮಾನು. 500 ಡಿಗ್ರಿಗೆ ಕಾದ ಗೂಡಿನಲ್ಲಿ ಇಟ್ಟರೆ ಮೊದಲು ಕುದಿಯುತ್ತದೆ, ಆಮೇಲೆ ಹಾಲಿನ ಹಾಗೆ ಉಕ್ಕುತ್ತದೆ, ಆಮೇಲೆ ಭಗ್ ಅಂತ ಹೊತ್ತಿಕೊಳ್ಳುತ್ತದೆ. ಐದು ನಿಮಿಷದೊಳಗೆ ಎಲ್ಲ ಮುಗಿದು ಬಟ್ಟಲ ತುಂಬ ಬತ್ತಾಸಿನಂಥ ಬಿಳಿ ನೊರೆ. ನೋಡಿ ಹಿಗ್ಗಬೇಡಿ, ತೂಕ 2.7 ಗ್ರಾಂ ದಾಟುವುದಿಲ್ಲ. ಗೂಡು 500ರಲ್ಲಿದ್ದರೂ ಉರಿಯ ಶಾಖ 1000 ಡಿಗ್ರಿ ಮೀರುತ್ತದೆ. ಅದಕ್ಕೇ ಆಲ್ಫಾ ಅಲ್ಯೂಮಿನಾ (ಸಾಮಾನ್ಯವಾಗಿ ಹೆಚ್ಚು ಶಾಖ ಬೇಡುವ ಅದರ ಸ್ಥಿರ ರೂಪ) ನೇರವಾಗಿ ಸಿಗುತ್ತದೆ, ದುಬಾರಿ ಫರ್ನೆಸ್ ಬೇಕಾಗುವುದಿಲ್ಲ.

ಇನ್ನು ದೂರು. ಮೊದಲ ವರ್ಷ ಅರ್ಧಕ್ಕರ್ಧ ಬಟ್ಟಲುಗಳು ಹೊತ್ತಿಕೊಳ್ಳಲೇ ಇಲ್ಲ. ಸುಮ್ನೆ ಕುದಿದು, ಒಣಗಿ, ತಳದಲ್ಲಿ ಹಳದಿ ಹಕ್ಕಳೆ ಕಟ್ಟುತ್ತಿತ್ತು. ನಮ್ಮದೇ ಲೆಕ್ಕ ತಪ್ಪು ಅಂದುಕೊಂಡು ಯೂರಿಯಾ ಬದಲಾಯಿಸಿದೆವು. (ಒಬ್ಬ ಹುಡುಗ ಮನೆಯಿಂದ ಗೊಬ್ಬರದ ಯೂರಿಯಾನೇ ತಂದಿದ್ದ. ಅದಕ್ಕೆ ಬೇವಿನೆಣ್ಣೆ ಲೇಪ ಇರುತ್ತದೆ ಅಲ್ವಾ, ಲ್ಯಾಬ್ ತುಂಬ ವಾಸನೆ.) ಕೊನೆಗೆ ಶಾಖ ಅಳೆಯುವ ಇನ್ನೊಂದು ಥರ್ಮೋಕಪಲ್ ಒಳಗೆ ಬಿಟ್ಟು ನೋಡಿದೆ. ಕಂಟ್ರೋಲರ್ 500 ತೋರಿಸುವಾಗ ಬಾಗಿಲ ಹತ್ತಿರ 440! ಫರ್ನೆಸ್ಸಿನ ಥರ್ಮೋಕಪಲ್ ಇರುವುದು ಹಿಂದಿನ ಗೋಡೆಯಲ್ಲಿ. ಈಗ 550ಕ್ಕೆ ಸೆಟ್ ಮಾಡಿ ಬಟ್ಟಲನ್ನು ಹಿಂದಕ್ಕೆ ತಳ್ಳುತ್ತೇವೆ. ಆಮೇಲೆ ಒಂದೂ ಕೈಕೊಟ್ಟಿಲ್ಲ.

ಬಾಗಿಲಿನ ವಿಷಯದಲ್ಲಿ ನಾನು ಜಗಳಕ್ಕೇ ನಿಲ್ಲುತ್ತೇನೆ. ನಮ್ಮದು ಕೆಳಕ್ಕೆ ಬೀಳುವ ಬಾಗಿಲು. ತೆರೆದಾಗ ಕಾದ ಮುಖ ಮೇಲಾಗಿರುತ್ತದೆ, ಇಕ್ಕಳ ಹಿಡಿದ ಕೈ ಅದರ ಮೇಲೇ ಹಾಯಬೇಕು. ನನ್ನ ಮೊಣಕೈ ಹತ್ತಿರ ಇನ್ನೂ ಗುರುತಿದೆ. ಪಕ್ಕಕ್ಕೆ ತೆರೆಯುವ ಬಾಗಿಲನ್ನೇ ಕೇಳಿ.

ಮೂರನೇ ವರ್ಷ ತಂತಿ ಹೋಯಿತು. ರಿಪೇರಿಗೆ ಬಂದವರು ಶಾಖ ಜಾಸ್ತಿ ಆಗಿದೆ ಅಂದರು. ನಾವು 1000 ದಾಟಿಸಿದ್ದೇ ಇಲ್ಲ. ನನಗೆ ಅನುಮಾನ ಇರುವುದು ಹೊಗೆಯ ಮೇಲೆ. ಲೆಕ್ಕದ ಪ್ರಕಾರ ನೈಟ್ರೋಜನ್, ಇಂಗಾಲದ ಡೈಆಕ್ಸೈಡ್, ನೀರಾವಿ ಮಾತ್ರ ಹೊರಬರಬೇಕು. ಆದರೆ ಯೂರಿಯಾ ಸ್ವಲ್ಪ ಕಮ್ಮಿಯಾದರೂ ಕಂದು ಹೊಗೆ ಏಳುತ್ತದೆ. ಅದು ನೈಟ್ರೋಜನ್ ಡೈಆಕ್ಸೈಡ್, ಮೂಗಿಗೂ ಕೆಟ್ಟದ್ದು, ಲೋಹಕ್ಕೂ ಕೆಟ್ಟದ್ದು. ಫರ್ನೆಸ್ಸನ್ನು ಹೊಗೆ ಹೊರಗೆಳೆಯುವ ಫ್ಯೂಮ್ ಹುಡ್ ಕೆಳಗೆ ಸರಿಸಿದ ಮೇಲೆ ಹಾಕಿದ ತಂತಿ ಇವತ್ತಿಗೂ ನಡೆಯುತ್ತಿದೆ. ಪ್ಲಗ್ 16 ಆಂಪಿಯರಿನದೇ ಇರಲಿ, ಆ ಲೈನಿಗೆ ಬೇರೇನೂ ಸೇರಿಸಬೇಡಿ. ನಮ್ಮ ಹಳೆ ಸಾಕೆಟ್ ಸುಟ್ಟು ಕಂದಾಗಿತ್ತು.

ಪುಡಿ ಹೇಗಿದೆ ಅಂದರೆ, ಚೆನ್ನಾಗಿದೆ. ಆದರೆ ಕಣಗಳು ಗುಂಪು ಕಟ್ಟಿಕೊಂಡೇ ಬರುತ್ತವೆ. ಅದಕ್ಕೆ ಫರ್ನೆಸ್ಸನ್ನು ಬೈದು ಪ್ರಯೋಜನ ಇಲ್ಲ. ಅಗೇಟ್ ಕಲ್ಲಿನ ಒರಳಲ್ಲಿ ಅರೆದು, ಒಣಗಿಸಿ, ಪ್ರೋಬ್ ಸೋನಿಕೇಟರ್ (ಅಲ್ಟ್ರಾಸೌಂಡಿನಿಂದ ಗಂಟು ಒಡೆಯುವ ಸಾಧನ) ಹಿಡಿದು ಎಪಾಕ್ಸಿಗೆ ಬೆರೆಸುತ್ತೇವೆ. ತೂಕದಲ್ಲಿ 2 ಶೇಕಡಾ ದಾಟಿದರೆ ನಮ್ಮ ಕೈಯಲ್ಲಿ ಮತ್ತೆ ಗಂಟು.

5ಕ್ಕೆ ಮೂರೂವರೆ ಕೊಡುತ್ತೇನೆ. ಅರ್ಧ ಕಳೆದದ್ದು ಥರ್ಮೋಕಪಲ್‌ಗೆ, ಪೂರ್ತಿ ಒಂದು ಕಳೆದದ್ದು ಆ ಬಾಗಿಲಿಗೆ.