ಬೆಳಗಿನ ಕೀರ್ತನೆಯೋ, ರಾತ್ರಿಯ ಆತ್ಮಶೋಧನೆಯೋ?

ದಿನಾ ಪ್ರಾರ್ಥನೆಯಲ್ಲಿ ದೇವರಿಗೆ ಥ್ಯಾಂಕ್ಸ್ ಹೇಳುವ ಅಭ್ಯಾಸ ಮಾಡಿಕೊಳ್ಳಬೇಕು ಅಂತಿದ್ದೀರಾ? ನಾನು ಎರಡು ದಾರಿ ಹಿಡಿದು ನೋಡಿದ್ದೇನೆ.

ಒಂದು, ಬೆಳಗ್ಗೆ ಬೈಬಲ್‌ನ ಕೀರ್ತನೆ ಓದುವುದು. 136ನೇ ಕೀರ್ತನೆ ಇದಕ್ಕೆ ಹೇಳಿ ಮಾಡಿಸಿದ ಹಾಗಿದೆ. 26 ವಚನ, ಪ್ರತಿಯೊಂದರ ಕೊನೆಗೂ ದೇವರ ಕೃಪೆ ಶಾಶ್ವತ ಅನ್ನುವ ಅದೇ ಮಾತು. ಒಬ್ಬರು ಮೊದಲರ್ಧ ಓದಿದರೆ ಉಳಿದವರು ಆ ಸಾಲು ಹೇಳಬಹುದು. ಮಕ್ಕಳಿಗಂತೂ ಖುಷಿ. ಐದು ನಿಮಿಷವೂ ಬೇಡ. ಆದರೆ ವಾರ ಕಳೆಯುವಷ್ಟರಲ್ಲಿ ಬಾಯಿ ಓದುತ್ತಿರುತ್ತದೆ, ಮನಸ್ಸು ಕುಕ್ಕರ್ ಸೀಟಿ ಎಣಿಸುತ್ತಿರುತ್ತದೆ!

ಇನ್ನೊಂದು, ಯೇಸುಸಭೆ (ಜೆಸ್ವಿಟ್) ಅನ್ನುವ ಕ್ರೈಸ್ತ ಗುರುಗಳ ಸಂಘ ಕಟ್ಟಿದ ಸಂತ ಇಗ್ನೇಷಿಯಸ್ ಲೊಯೋಲಾ 16ನೇ ಶತಮಾನದಲ್ಲಿ ಕಲಿಸಿದ ಆತ್ಮಶೋಧನೆ. ಐದು ಹೆಜ್ಜೆ: ಕೃತಜ್ಞತೆ, ದಿನವನ್ನು ಸರಿಯಾಗಿ ಕಾಣಲು ದೇವರ ಬೆಳಕಿಗಾಗಿ ಬೇಡಿಕೆ, ದಿನವನ್ನು ಹಿಂತಿರುಗಿ ನೋಡುವುದು, ಕ್ಷಮೆ, ನಾಳೆಯ ನಿರ್ಧಾರ. ತಪ್ಪು ಹುಡುಕುವುದು ಆಮೇಲೆ, ಥ್ಯಾಂಕ್ಸೇ ಮೊದಲು. ನನಗೆ ಇಷ್ಟವಾಗಿದ್ದು ಇದೇ. 'ಎಲ್ಲದಕ್ಕೂ ಸ್ತೋತ್ರ ಸ್ವಾಮಿ' ಅಂತ ಸುಮ್ನೆ ಮುಗಿಸೋಕಾಗಲ್ಲ, ನಿಜವಾಗಿ ನಡೆದದ್ದನ್ನು ನೆನೆಯಬೇಕು. ಮೊನ್ನೆ ನನಗೆ ಸಿಕ್ಕಿದ್ದು ಬಸ್ಸಲ್ಲಿ ಸೀಟು ಬಿಟ್ಟುಕೊಟ್ಟ ಹುಡುಗ, ಪಕ್ಕದ ಮನೆಯ ಆಂಟಿ ಕಳಿಸಿದ ಒಂದು ಲೋಟ ಸಾರು. ಬೆಳಗ್ಗೆ ಓದಿದ್ದರೆ ಇವೆರಡೂ ನೆನಪಿಗೆ ಬರುತ್ತಿರಲಿಲ್ಲ, ಅಲ್ವಾ?

ಆದರೆ ಹಾಸಿಗೆಯಲ್ಲಿ ಮಲಗಿ ಮಾಡಬೇಡಿ, ಎರಡನೇ ಹೆಜ್ಜೆಗೇ ನಿದ್ದೆ. ಕುರ್ಚಿಯಲ್ಲಿ ಕೂತು ಹತ್ತು ನಿಮಿಷ ಸಾಕು.

ಮನೆ ತುಂಬ ಜನ ಇದ್ದರೆ ಕೀರ್ತನೆ. ಒಬ್ಬರೇ ಇದ್ದರೆ ಆತ್ಮಶೋಧನೆ. ದುಃಖದ ದಿನಗಳಲ್ಲಿ ಮಾತ್ರ ನಾನು ಕೀರ್ತನೆಗೇ ವಾಪಸ್ ಹೋಗುತ್ತೇನೆ. ಆಗ ಸ್ವಂತ ಮಾತು ಹೊರಡುವುದಿಲ್ಲ.