ಕೇಪ್ ಕೋರಲ್ ಬಾಡಿಗೆ ಮನೆ: ಮನೆಗೆ ಮೂರು ಸ್ಟಾರ್, ಪಕ್ಕದ ಸೈಟಿನ ಗೂಬೆಗಳಿಗೆ ಐದು

ಫ್ಲೋರಿಡಾ ಕಡೆ ಇರೋರು ಕೇಪ್ ಕೋರಲ್‌ನಲ್ಲಿ ವೀಕೆಂಡ್‌ಗೆ ಮನೆ ಹುಡುಕ್ತಿದ್ರೆ ಓದಿ. ನಾವು ಏಪ್ರಿಲ್‌ನಲ್ಲಿ ಹೋಗಿದ್ವಿ, ಮನೆ ಹೆಸರು ಬೇಡ ಬಿಡಿ, ಎಸಿ ರಾತ್ರಿಯೆಲ್ಲಾ ಗುರ್ ಅಂತಿತ್ತು, ಅಡುಗೆಮನೇಲಿ ಒಗ್ಗರಣೆಗೆ ನೆಟ್ಟಗಿರೋ ಒಂದು ಬಾಣಲೆನೂ ಇಲ್ಲ. ಕೆನಾಲ್ ವ್ಯೂ ಅಂತ ಎಕ್ಸ್‌ಟ್ರಾ ದುಡ್ಡು ಬೇರೆ ಕಿತ್ಕೊಂಡ್ರು, ಈ ಊರಲ್ಲಿ ಕೆನಾಲೇ 400 ಮೈಲಿ ಇದೆ ಮಾರಾಯ್ರೆ, ಅದಕ್ಕೆ ಜಾಸ್ತಿ ಕೊಡ್ಬೇಡಿ.

ಆದ್ರೆ ಪಕ್ಕದ ಖಾಲಿ ಸೈಟು! ಬಿಲ ಇದೆ ಅಂತ ಗುರುತಿಗೆ ನಾಲ್ಕು ಬಿಳಿ ಪಿವಿಸಿ ಪೈಪ್ ನೆಟ್ಟಿದಾರೆ, ಮಧ್ಯ ಮರಳಲ್ಲಿ ಒಂದು ಬಿಲ, ಮಟಮಟ ಮಧ್ಯಾಹ್ನ ಅದರ ಬಾಯಲ್ಲೇ ಗೂಬೆ ನಿಂತಿದೆ. ಬರೋಯಿಂಗ್ ಔಲ್ ಅಂತಾರೆ, ನೆಲದಲ್ಲಿ ಬಿಲ ಮಾಡ್ಕೊಂಡಿರೋ ಜಾತಿ. ಒಂದು ಗೇಣು ಎತ್ತರ ಅಷ್ಟೇ, ಕಾಲು ಮಾತ್ರ ಉದ್ದ, ಹಳದಿ ಕಣ್ಣು. ಹತ್ರ ಹೋದ್ರೆ ತಲೆ ಮೇಲೆ ಕೆಳಗೆ ಆಡಿಸಿ ಗುರಾಯಿಸುತ್ತೆ, ಇನ್ನೂ ಮುಂದೆ ಹೋದ್ರೆ ಕಿರುಚಿ ಬೈಯುತ್ತೆ. ಮರಿಗಳು ಹೆದರಿದ್ರೆ ಬಿಲದೊಳಗಿಂದ ಥೇಟ್ ರ‍್ಯಾಟಲ್ ಸ್ನೇಕ್ (ಬಾಲ ಆಡಿಸಿ ಗಿಲಕಿ ಸದ್ದು ಮಾಡೋ ವಿಷದ ಹಾವು) ಥರ ಸದ್ದು ಮಾಡ್ತವಂತೆ, ನಮಗೆ ಕೇಳಿಸ್ಲಿಲ್ಲ. ನಮ್ಮತ್ತೆಗೆ ವಿಡಿಯೋ ಕಾಲ್‌ನಲ್ಲಿ ತೋರಿಸಿದ್ರೆ "ಅಯ್ಯೋ ಗೂಬೆ ಪಕ್ಕದ ಮನೇನಾ, ಬೇರೆ ಸಿಗ್ಲಿಲ್ವಾ" ಅಂದ್ರು, ಈ ಊರಿಗೆ ಅದೇ ಅಧಿಕೃತ ಪಕ್ಷಿ ಅಂದ್ರೆ ನಂಬ್ಲೇ ಇಲ್ಲ.

ವಿಷಯ ಏನಪ್ಪಾ ಅಂದ್ರೆ, 1957ರಲ್ಲಿ ರೋಸೆನ್ ಅಂತ ಇಬ್ರು ಅಣ್ಣತಮ್ಮಂದ್ರು ಇಲ್ಲಿ ಜಾಗ ತಗೊಂಡು, ಗಿಡಮರ ಕಡಿದು, ಕೆನಾಲ್ ತೋಡಿಸಿ, ಸೈಟ್ ಮಾಡಿ ಮಾರಿದ್ರು. ಎಷ್ಟೋ ಸೈಟು ಎಷ್ಟೋ ವರ್ಷ ಖಾಲಿ ಬಿತ್ತು. ಈ ಗೂಬೆಗೆ ಕಾಡು ಬೇಡ, ಗಿಡ್ಡ ಹುಲ್ಲಿನ ಬಯಲು ಬೇಕು, ಹಾಗಾಗಿ ಬಿಲ ತೋಡ್ಕೊಂಡು ಸೆಟಲ್ ಆಗ್ಬಿಟ್ವು. ಈಗ ಜನ 2 ಲಕ್ಷ ದಾಟಿದಾರೆ, ಖಾಲಿ ಸೈಟಲ್ಲೆಲ್ಲಾ ಮನೆ ಏಳ್ತಿದೆ. ಬಿಲ ಇದ್ರೆ ಪರ್ಮಿಟ್ ಇಲ್ಲದೆ ಮುಟ್ಟೋ ಹಾಗಿಲ್ಲ, 2017ರಿಂದ ಫ್ಲೋರಿಡಾದಲ್ಲಿ ಇದು ಅಪಾಯದಲ್ಲಿರೋ ಪಕ್ಷಿಗಳ ಪಟ್ಟಿಲಿದೆ, ಆದ್ರೆ ಪರ್ಮಿಟ್ ಸಿಕ್ರೆ ಕಟ್ಟಬಹುದು. ಸೈಟ್ ಕೊಂಡೋರ ಮೇಲೆ ಗೂಬೆ ಕೂರಿಸೋಕೂ ಆಗಲ್ಲ, ಅವರೂ ದುಡ್ಡು ಕೊಟ್ಟಿದಾರೆ. ಕೆಲವು ಮನೆಯವರು ತಮ್ಮ ಲಾನ್‌ನಲ್ಲೇ ಒಂದಿಷ್ಟು ಹುಲ್ಲು ಕಿತ್ತು ಗುಂಡಿ ಶುರು ಮಾಡಿ ಬಿಡ್ತಾರೆ, ಉಳಿದಿದ್ದನ್ನ ಗೂಬೆನೇ ತೋಡ್ಕೊಳುತ್ತೆ, ಅದು ನಂಗೆ ಬಹಳ ಇಷ್ಟ ಆಯ್ತು.

ಹೋಗೋರು ಬುಕ್ ಮಾಡೋ ಮುಂಚೆ ಪಕ್ಕದ ಸೈಟ್ ಇನ್ನೂ ಖಾಲಿ ಇದ್ಯಾ ಅಂತ ಓನರ್‌ನ ಕೇಳಿ. ಫೆಬ್ರವರಿಲಾದ್ರೆ ರೋಟರಿ ಪಾರ್ಕ್‌ನಲ್ಲಿ ಗೂಬೆ ಹಬ್ಬನೂ ಇರುತ್ತೆ. ನಾಯಿ ಇದ್ರೆ ಬೆಲ್ಟ್ ಬಿಚ್ಚಬೇಡಿ, ಫೋಟೋ ರಸ್ತೆಯಿಂದಲೇ ಝೂಮ್ ಹಾಕಿ ತಗೊಳ್ಳಿ, ಬಾಣಲೆ ಮನೆಯಿಂದ ತಗೊಂಡ್ಹೋಗಿ.