ಹಸು ಕೊಳ್ಳೋ ಮುಂಚೆ ಬ್ಲಡ್ ಟೆಸ್ಟ್: ಯಾವುದಕ್ಕೆ ದುಡ್ಡು ಹಾಕಬಹುದು?

ಚಿಂತಾಮಣಿ, ಶ್ರೀನಿವಾಸಪುರ ಕಡೆ ಸೀಮೆಹಸು ಕೊಳ್ಳುವವರು ಈಗ ಹಾಲು ಕರೆಸಿ ನೋಡುವುದರ ಜೊತೆಗೆ "ಬ್ಲಡ್ ಟೆಸ್ಟ್ ಆಗಿದೆಯಾ?" ಅಂತಲೂ ಕೇಳುವುದು ಒಳ್ಳೆಯದೇ. ಆದರೆ ಯಾವ ರೋಗಕ್ಕೆ, ಯಾವ ಟೆಸ್ಟ್, ಯಾವತ್ತು ರಕ್ತ ತೆಗೆದದ್ದು ಅಂತ ಕೇಳದಿದ್ದರೆ ಮಾರುವವನು ತೋರಿಸುವ ಚೀಟಿಗೆ ಬೆಲೆಯಿಲ್ಲ. ವೈರಸ್ ರೋಗಗಳಿಗೆ ಮಾಡುವ ಪರೀಕ್ಷೆಗಳಲ್ಲಿ ಹೆಚ್ಚಿನವು ಹುಡುಕುವುದು ವೈರಸ್ಸನ್ನಲ್ಲ, ಪ್ರತಿಕಾಯವನ್ನು, ಅಂದರೆ ಆ ವೈರಸ್ಸಿಗೆ ಎದುರಾಗಿ ಮೈ ತಯಾರಿಸಿಕೊಂಡ ಪ್ರೋಟೀನನ್ನು. ಯಾವುದು ಕೊಳ್ಳುವವನ ಕೆಲಸಕ್ಕೆ ಬರುತ್ತದೆ ಅನ್ನುವುದು ರೋಗದ ಮೇಲೆ ನಿಂತಿದೆ.

ಐಬಿಆರ್ (ಮೂಗು-ಗಂಟಲು ಕೆಡಿಸಿ ಕಂದೂ ಹಾಕಿಸುವ ವೈರಸ್ ರೋಗ) ಎಲೈಸಾಗೆ ಕೊಟ್ಟ ದುಡ್ಡಿಗೆ ಮೋಸವಿಲ್ಲ. ಎಲೈಸಾ ಅಂದರೆ ಪ್ರತಿಕಾಯವನ್ನೋ ವೈರಸ್ಸಿನ ಪ್ರೋಟೀನನ್ನೋ ಬಣ್ಣ ಬರಿಸಿ ಹುಡುಕುವ ಲ್ಯಾಬ್ ಟೆಸ್ಟ್. ಈ ವೈರಸ್ ಒಮ್ಮೆ ಹೊಕ್ಕರೆ ತಲೆಯ ನರದ ಗಂಟಿನಲ್ಲಿ ಸಾಯುವತನಕ ಅಡಗಿ ಕೂರುತ್ತದೆ. ಲಾರಿ ಪ್ರಯಾಣ, ಕರು ಹಾಕುವ ಸಮಯ, ಸ್ಟಿರಾಯ್ಡ್ ಇಂಜೆಕ್ಷನ್, ಯಾವುದಾದರೂ ನೆಪ ಸಿಕ್ಕರೆ ಮತ್ತೆ ಹೊರಬೀಳುತ್ತದೆ. ಹಾಗಾಗಿ ಲಸಿಕೆ ಹಾಕಿಲ್ಲದ ದೊಡ್ಡ ಹಸುವಿನಲ್ಲಿ ಪ್ರತಿಕಾಯ ಇದ್ದರೆ ವೈರಸ್ಸೂ ಇದೆ ಅಂತಲೇ ಲೆಕ್ಕ. ಇದೇ ರೋಗಕ್ಕೆ ರಕ್ತದ ಪಿಸಿಆರ್ (ವೈರಸ್ಸಿನ ವಂಶವಾಹಿಯನ್ನೇ ಹುಡುಕುವ ಟೆಸ್ಟ್) ಮಾಡಿಸಿ ನೆಗೆಟಿವ್ ತೋರಿಸುವವರಿದ್ದಾರೆ, ಅದನ್ನು ನಂಬಬೇಡಿ. ನರದಲ್ಲಿ ಕೂತ ವೈರಸ್ ರಕ್ತದಲ್ಲಿ ಸಿಗುವುದಿಲ್ಲ. ಜಿಇ, ಜಿಬಿ ಅನ್ನುವುದು ಈ ವೈರಸ್ಸಿನ ಮೈಮೇಲಿನ ಎರಡು ಪ್ರೋಟೀನ್. ಜಿಇ ತೆಗೆದ ಲಸಿಕೆ ಹಾಕಿದ್ದರೆ ಜಿಬಿ ಎಲೈಸಾ ಪಾಸಿಟಿವ್ ಬಂದೇ ಬರುತ್ತದೆ. ಆಗ ಜಿಇ ಎಲೈಸಾ ಕೇಳಿ, ಅದು ಪಾಸಿಟಿವ್ ಬಂದರೆ ನಿಜವಾದ ಸೋಂಕು. ಆರು ತಿಂಗಳೊಳಗಿನ ಕರುವಿನಲ್ಲಿ ಕಾಣುವುದು ಗಿಣ್ಣು ಹಾಲಿನಿಂದ ಬಂದ ತಾಯಿಯ ಪ್ರತಿಕಾಯವೂ ಇರಬಹುದು. ಹೊಸದಾಗಿ ಸೋಂಕು ತಗುಲಿದ್ದರೆ ಮೊದಲ ಒಂದೆರಡು ವಾರ ಏನೂ ಕಾಣುವುದಿಲ್ಲ. ಅದಕ್ಕೇ ತಂದ ಹಸುವನ್ನು ಬೇರೆ ಕಟ್ಟಿ, 3–4 ವಾರಕ್ಕೆ ಇನ್ನೊಮ್ಮೆ ರಕ್ತ ಕಳಿಸಬೇಕು.

ಬಿವಿಡಿ (ಭೇದಿ ತರುವ, ಕಂದೂ ಹಾಕಿಸುವ ಇನ್ನೊಂದು ವೈರಸ್ ರೋಗ) ಇದಕ್ಕೆ ಪೂರ್ತಿ ಉಲ್ಟಾ. ಇಲ್ಲಿ ಪ್ರತಿಕಾಯ ಇರುವ ಹಸು ರೋಗ ಬಂದು ಹೋದ ಹಸು. ಅದರಿಂದ ಭಯ ಕಡಿಮೆ. ಭಯ ಇರುವುದು ಹುಟ್ಟಿನಿಂದಲೇ ವೈರಸ್ ಹೊತ್ತ ಪ್ರಾಣಿಯಿಂದ. ಗಬ್ಬದ ಸುಮಾರು 40ರಿಂದ 120ನೇ ದಿನದೊಳಗೆ ಸೋಂಕು ತಗುಲಿದರೆ ಹೊಟ್ಟೆಯ ಕರು ಆ ವೈರಸ್ಸನ್ನು ತನ್ನದೇ ಅಂದುಕೊಳ್ಳುತ್ತದೆ, ಪ್ರತಿಕಾಯವನ್ನೇ ಮಾಡುವುದಿಲ್ಲ, ಬದುಕಿರುವಷ್ಟು ದಿನ ಹಟ್ಟಿಯ ತುಂಬ ವೈರಸ್ ಚೆಲ್ಲುತ್ತದೆ. ಪ್ರತಿಕಾಯದ ಟೆಸ್ಟ್ ಇದನ್ನೇ "ಕ್ಲೀನ್" ಅಂತ ಬರೆದುಕೊಡುತ್ತದೆ! ಇಲ್ಲಿ ಬೇಕಾದದ್ದು ಆಂಟಿಜೆನ್ ಎಲೈಸಾ, ಅಂದರೆ ವೈರಸ್ಸಿನ ಪ್ರೋಟೀನನ್ನೇ ಹುಡುಕುವ ಟೆಸ್ಟ್. ಮೂರು ತಿಂಗಳೊಳಗಿನ ಕರುವಾದರೆ ಸೀರಂ (ರಕ್ತ ಹೆಪ್ಪುಗಟ್ಟಿದ ಮೇಲೆ ಬೇರೆಯಾಗುವ ತಿಳಿ) ಬೇಡ, ಗಿಣ್ಣು ಹಾಲಿನ ಪ್ರತಿಕಾಯ ಅಡ್ಡ ಬಂದು ಸುಳ್ಳು ನೆಗೆಟಿವ್ ಬರಬಹುದು. ಕಿವಿಯ ಅಂಚಿನ ಚೂರು ಕಳಿಸಿ. ಪಾಸಿಟಿವ್ ಬಂದರೆ 3–4 ವಾರ ಬಿಟ್ಟು ಮತ್ತೆ ನೋಡಿ: ತಾತ್ಕಾಲಿಕ ಸೋಂಕಾದರೆ ಅಷ್ಟರಲ್ಲಿ ಹೋಗಿರುತ್ತದೆ. ಗಬ್ಬದ ಹಸು ಕೊಂಡರೆ ಇನ್ನೊಂದು ತೊಡಕಿದೆ. ತಾಯಿ ನೆಗೆಟಿವ್ ಇದ್ದ ಮಾತ್ರಕ್ಕೆ ಹೊಟ್ಟೆಯ ಕರು ನೆಗೆಟಿವ್ ಅಲ್ಲ. ಕರು ಬಿದ್ದ ಮೇಲೆ ಅದರ ಕಿವಿಯದ್ದೂ ಕಳಿಸಲೇಬೇಕು.

ಕಾಲುಬಾಯಿ ಜ್ವರದ ಎನ್‌ಎಸ್‌ಪಿ ಎಲೈಸಾ ಲಸಿಕೆಯ ಪ್ರತಿಕಾಯವನ್ನೂ ನಿಜವಾದ ಸೋಂಕಿನದ್ದನ್ನೂ ಬೇರೆ ಮಾಡಲು ಇರುವ ಟೆಸ್ಟ್. ಎನ್‌ಎಸ್‌ಪಿ ಅಂದರೆ ವೈರಸ್ ಮೈಯೊಳಗೆ ಬೆಳೆಯುವಾಗ ತಯಾರಾಗುವ ಪ್ರೋಟೀನ್; ಶುದ್ಧ ಮಾಡಿದ ಲಸಿಕೆಯಲ್ಲಿ ಅದು ಇರಬಾರದು. ಹಿಂಡಿನ ಮಟ್ಟಕ್ಕೆ ಒಳ್ಳೆಯದು, ಒಂದೇ ಹಸುವಿನ ತೀರ್ಪಿಗೆ ಸಾಲದು. ಮತ್ತೆ ಮತ್ತೆ ಲಸಿಕೆ ಬಿದ್ದ ಹಸುವಿನಲ್ಲಿ ಒಮ್ಮೊಮ್ಮೆ ತಪ್ಪಾಗಿ ಪಾಸಿಟಿವ್ ಬರುತ್ತದೆ.

ಚರ್ಮಗಂಟು ರೋಗಕ್ಕೆ ರಕ್ತ ಬೇಡ. ರಕ್ತದಲ್ಲಿ ವೈರಸ್ ಇರುವುದು ಸ್ವಲ್ಪ ದಿನ ಮಾತ್ರ. ಗಂಟಿನ ಹಕ್ಕಳೆ ಕಿತ್ತು ಪಿಸಿಆರ್‌ಗೆ ಕೊಡಿ.

ಹತ್ತು ನಿಮಿಷದಲ್ಲಿ ಗೆರೆ ಮೂಡಿಸಿ ಉತ್ತರ ಹೇಳುವ ಪಟ್ಟಿ ಕಿಟ್‌ಗಳ ಬಗ್ಗೆ ಹೇಳುವುದಾದರೆ, ಡಬ್ಬಿಯ ಮೇಲಿನ ಶೇಕಡಾವಾರು ನೋಡಿ ಮರುಳಾಗಬೇಡಿ. ರೋಗವಿಲ್ಲದ ನೂರರಲ್ಲಿ 98ನ್ನು ಸರಿಯಾಗಿ ನೆಗೆಟಿವ್ ಅನ್ನುವ ಕಿಟ್ಟೇ ಇರಲಿ. 1,000 ಹಸುಗಳಲ್ಲಿ 10ಕ್ಕೆ ರೋಗ ಇದ್ದರೆ, ಉಳಿದ 990ರಲ್ಲಿ ಸುಮಾರು 20 ಸುಮ್ಮನೆ ಪಾಸಿಟಿವ್ ಬರುತ್ತವೆ. ರೋಗವಿರುವ ಹತ್ತೂ ಸಿಕ್ಕವು ಅಂತಲೇ ಇಟ್ಟುಕೊಳ್ಳಿ: ಮೂವತ್ತು ಪಾಸಿಟಿವ್‌ನಲ್ಲಿ ಇಪ್ಪತ್ತು ಸುಳ್ಳು. ಅದರ ಮೇಲೆ ಬಿಸಿಲಲ್ಲಿ ನಿಂತ ಕಾರಿನೊಳಗೆ ಇಟ್ಟ ಪಟ್ಟಿ, ಹೊತ್ತು ಮೀರಿದ ಮೇಲೆ ಮೂಡುವ ತೆಳು ಗೆರೆ ಬೇರೆ. ನಮ್ಮ ಲೆಕ್ಕದಲ್ಲಿ ಇದು ಸಂತೆಯಲ್ಲಿ ವ್ಯಾಪಾರ ಮುಗಿಸುವ ಸಾಧನವಲ್ಲ.

ಟೆಸ್ಟ್ ಎಷ್ಟೇ ಚೆನ್ನಾಗಿರಲಿ, ಕೆಡುವುದು ಹೆಚ್ಚಾಗಿ ಹಟ್ಟಿಯಲ್ಲೇ. ಪ್ರತಿಕಾಯಕ್ಕೆ ಕೆಂಪು ಮುಚ್ಚಳದ ಖಾಲಿ ಟ್ಯೂಬ್, ಪಿಸಿಆರ್‌ಗೆ ರಕ್ತ ಹೆಪ್ಪುಗಟ್ಟದಂತೆ ತಡೆಯುವ ನೇರಳೆ ಮುಚ್ಚಳದ ಇಡಿಟಿಎ ಟ್ಯೂಬ್. ಕತ್ತಿನ ರಕ್ತನಾಳಕ್ಕೆ 18 ಗೇಜ್ ಸೂಜಿ ಸಾಕು. ಸಿರಿಂಜಿನಿಂದ ಟ್ಯೂಬಿಗೆ ಒತ್ತಿ ಪಿಚಕಾರಿ ಹೊಡೆದರೆ ರಕ್ತಕಣ ಒಡೆದು ಸೀರಂ ಕೆಂಪಾಗುತ್ತದೆ. ಗೋಡೆಗೆ ಒರಗಿಸಿದ ಹಾಗೆ ಓರೆಯಾಗಿಟ್ಟು ನೆರಳಲ್ಲಿ ಒಂದೆರಡು ಗಂಟೆ ಹೆಪ್ಪುಗಟ್ಟಲು ಬಿಡಿ. ತಿಳಿ ಹೊಂಬಣ್ಣದ ಸೀರಂ ಬೇರೆಯಾದ ಮೇಲೆ ತೆಗೆದು ಐಸ್‌ಪ್ಯಾಕಿನ ಡಬ್ಬಿಗೆ ಹಾಕಿ. ಸೀರಂ ಬೇರೆ ಮಾಡದ ರಕ್ತವನ್ನು ಫ್ರೀಜರಿಗೆ ಇಡಬೇಡಿ, ಐಸಿಗೆ ನೇರವಾಗಿ ತಾಗಿಸಲೂಬೇಡಿ. ಟ್ಯೂಬಿನ ಮೇಲೆ ಕಿವಿಯೋಲೆಯ 12 ಅಂಕಿ ಪೂರ್ತಿ ಬರೆಯಿರಿ. ಕೊನೆಯ ನಾಲ್ಕೇ ಬರೆದರೆ ಎರಡು ಹಸು ಅದಲುಬದಲಾಗಲು ಅಷ್ಟು ಸಾಕು.

ಚಿಕ್ಕಬಳ್ಳಾಪುರದವರಿಗೆ ಹೆಬ್ಬಾಳದ ಪಶು ಆರೋಗ್ಯ ಮತ್ತು ಜೈವಿಕ ಸಂಸ್ಥೆ ಹೆದ್ದಾರಿಯ ದಾರಿಯಲ್ಲೇ ಸಿಗುತ್ತದೆ. ಊರಿನ ಪಶುವೈದ್ಯರ ಪತ್ರದ ಜೊತೆ ಕಳಿಸಿ. ಪತ್ರದಲ್ಲಿ ವಯಸ್ಸು, ಎಷ್ಟು ತಿಂಗಳ ಗಬ್ಬ, ಯಾವ ಲಸಿಕೆ ಯಾವ ತಾರೀಕಿಗೆ ಹಾಕಿದ್ದು, ಕಂದು ಹಾಕಿತ್ತಾ ಅನ್ನುವುದೆಲ್ಲ ಇರಲಿ. ಕಂದು ಹಾಕಿದ ಹಸುವಾದರೆ ಅದೇ ಸೀರಂನಲ್ಲಿ ಕಂದು ಹಾಕಿಸುವ ಬ್ಯಾಕ್ಟೀರಿಯಾ ಬ್ರುಸೆಲ್ಲಾ ಕೂಡ ನೋಡಲು ಬರೆಸಿ. ಅದು ವೈರಸ್ ಅಲ್ಲ, ಆದರೆ ಹಾಲು ಕರೆಯುವವರಿಗೂ ಅಂಟುತ್ತದೆ.